ಚಳ್ಳಕೆರೆಯಲ್ಲಿ ಕೈತೋಟ: ಮೋಡ ದಿನಾ ಬರುತ್ತೆ, ಮಳೆ ಯಾವಾಗ?

ತುಂಗೆ ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಯಜಮಾನರಿಗೆ ವರ್ಗ ಆಯಿತು ಅಂತ ಹೋದ ದೀಪಾವಳಿ ಕಳೆದ ಮೇಲೆ ಚಳ್ಳಕೆರೆಗೆ ಬಂದೆವು. ಬಳ್ಳಾರಿ ರಸ್ತೆ ಕಡೆ ಬಾಡಿಗೆ ಮನೆ. ಹಿತ್ತಲಲ್ಲಿ ಇಪ್ಪತ್ತಕ್ಕೆ ಮೂವತ್ತು ಅಡಿ ಖಾಲಿ ಜಾಗ ಇದೆ. ಓನರ್ ಒಳ್ಳೆಯವರು, ಏನು ಬೇಕಾದರೂ ಹಾಕಿಕೊಳ್ಳಿ ಅಂದಿದ್ದಾರೆ.

ಬಂದ ಹೊಸದರಲ್ಲಿ ಹವೆ ಚೆನ್ನಾಗಿಯೇ ಇತ್ತು. ಡಿಸೆಂಬರ್‌ನಲ್ಲಿ ಮೆಂತ್ಯ, ಕೊತ್ತಂಬರಿ ಸೊಪ್ಪು ಹಾಕಿದ್ದೆ, ಸೊಗಸಾಗಿ ಬಂತು. ಬೇಸಿಗೆ ಹೇಗೋ ತಳ್ಳಿದೆವು. ಜೂನ್ ಬಂದರೆ ಎಲ್ಲ ಸರಿಹೋಗುತ್ತೆ ಅಂತ ಕಾಯುತ್ತಿದ್ದೆ. ನಮ್ಮ ಕಡೆ ಮೃಗಶಿರ ಮಳೆ ಹಿಡಿಯುವುದರೊಳಗೆ ಸೌತೆ, ಹೀರೆ, ಬೆಂಡೆ ಬೀಜ ಮಣ್ಣಲ್ಲಿ ಇರಬೇಕು. ತಡ ಮಾಡಿದರೆ ಜಡಿಮಳೆಗೆ ಬೀಜವೇ ಕೊಳೆಯುತ್ತೆ. ಇಲ್ಲೂ ಅದೇ ಲೆಕ್ಕದಲ್ಲಿ ಹಾಕಿದೆ. ಕೊಡದಲ್ಲಿ ನೀರು ಹೊಯ್ದು ಮೊಳಕೆ ಬರಿಸಿದೆ.

ಈಗ ಆರಿದ್ರಾ ಮುಗಿದು ಪುನರ್ವಸು ಶುರುವಾಗಿದೆ, ಅಂದರೆ ಜುಲೈ ಬಂತು. ದಿನಾ ಮಧ್ಯಾಹ್ನ ಪಡುವಣದಿಂದ ಮೋಡ ಬರುತ್ತೆ. ಎಂಥ ಮೋಡ ಅಂದರೆ ನಾನು ಓಡಿಹೋಗಿ ಬಟ್ಟೆ ತೆಗೆದು ಒಳಗೆ ಹಾಕುತ್ತೇನೆ. ನಾಲ್ಕು ಹನಿ ಬೀಳುತ್ತೆ, ಅಂಗಳದ ಧೂಳಿನ ಮೇಲೆ ಚುಕ್ಕೆ ಮೂಡುತ್ತೆ, ಅಷ್ಟೇ. ಮೋಡ ಹಾಗೇ ರಾಯದುರ್ಗದ ಕಡೆ ಹೋಗಿಬಿಡುತ್ತೆ. ಅತ್ತ ಅಮ್ಮ ಫೋನ್ ಮಾಡಿ "ಹೊಳೆ ತುಂಬಿದೆ ಕಣೇ, ರಾಮಮಂಟಪ ಮುಳುಗಿದೆ" ಅನ್ನುತ್ತಾಳೆ. ಇತ್ತ ನಾನು ಪೈಪ್ ಹಿಡಿದುಕೊಂಡು ನಿಂತಿರುತ್ತೇನೆ.

ಮಳೆ ಬರದಿದ್ದರೆ ಹೋಗಲಿ ಅನ್ನಬಹುದು, ಆದರೆ ಈ ಗಾಳಿ? ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ರಾತ್ರಿಯವರೆಗೂ ಬಿಡುವುದಿಲ್ಲ. ಹೀರೆ ಬಳ್ಳಿ ಚಪ್ಪರಕ್ಕೆ ಹತ್ತುವ ಮೊದಲೇ ಎಲೆ ಚಿಂದಿ. ಬೆಂಡೆ ಗಿಡಗಳೆಲ್ಲ ಮೂಡಣಕ್ಕೆ ವಾಲಿವೆ. ಹಸಿರು ನೆಟ್ ಕಟ್ಟಿದ್ದೆ, ಅದು ಹರಿದು ಪಕ್ಕದ ಮನೆ ತಂತಿಗೆ ಸಿಕ್ಕಿಕೊಂಡಿದೆ.

ಇನ್ನು ಊರಿಂದ ತಂದ ಕುಂಡಗಳ ಕಥೆ. ಆಂಥೂರಿಯಂ, ಗಂಧರಾಜ, ಕೇಪಳ ಮೂರನ್ನೂ ನಮ್ಮ ತೋಟದ ಮಣ್ಣಿನ ಸಮೇತ ತಂದಿದ್ದೆ. ಆಂಥೂರಿಯಂ ಎಲೆ ತುದಿ ಸುಟ್ಟಂತಾಗಿದೆ. ಗಂಧರಾಜದ ಹೊಸ ಎಲೆ ಹಳದಿಯಾಗಿ ಬರುತ್ತಿದೆ, ನರ ಮಾತ್ರ ಹಸಿರು. ಗೊಬ್ಬರ ಕಡಿಮೆಯಾಗಿದೆಯಾ ಅಂತ ಸಗಣಿ ಗೊಬ್ಬರ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ.

ಚಳ್ಳಕೆರೆ ಸುತ್ತಮುತ್ತ ಇರುವವರು ಹೇಳಿ: ಇಲ್ಲಿ ಯಾವ ತಿಂಗಳಲ್ಲಿ ಏನು ಹಾಕಬೇಕು? ಈ ಗಾಳಿ ಯಾವಾಗ ನಿಲ್ಲುತ್ತೆ? ಕುಂಡದ ಗಿಡಗಳು ಉಳಿಯುತ್ತವಾ, ಅಥವಾ ಅವನ್ನು ವಾಪಸ್ ಅಮ್ಮನ ಮನೆಗೇ ಕಳಿಸಿಬಿಡಲಾ?

ಶೇಂಗಾ ಹೊಲದವನು:

ಮೇಡಂ, ಬೀಜ ಸರಿಯಾಗಿದೆ, ತಿಂಗಳು ತಪ್ಪಿದೆ. ಚಳ್ಳಕೆರೆಯಲ್ಲಿ ಕೈತೋಟದ ವರ್ಷ ಶುರುವಾಗುವುದು ಜೂನ್‌ನಲ್ಲಿ ಅಲ್ಲ, ಆಗಸ್ಟ್ ಮಧ್ಯದಲ್ಲಿ. ನೀವು ಬಂದದ್ದು ದೀಪಾವಳಿ ಆದಮೇಲೆ ಅಂದಿರಲ್ಲ, ಅಂದರೆ ನಮ್ಮೂರಿನ ಮಳೆಗಾಲವನ್ನು ನೀವಿನ್ನೂ ನೋಡೇ ಇಲ್ಲ.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೊಂದು. ವರ್ಷಕ್ಕೆ 450ರಿಂದ 500 ಮಿ.ಮೀ. ಬಂದರೆ ಒಳ್ಳೆ ವರ್ಷ ಅನ್ನುತ್ತೇವೆ. ಆಗುಂಬೆಗೆ 7,000 ದಾಟುತ್ತೆ. ನೈರುತ್ಯ ಮಾರುತದ ನೀರನ್ನೆಲ್ಲ ನಿಮ್ಮ ಘಟ್ಟವೇ ಇಳಿಸಿಕೊಳ್ಳುತ್ತೆ. ಘಟ್ಟ ದಾಟಿ ನಮ್ಮಲ್ಲಿಗೆ ಬರುವುದು ಮೋಡದ ಮೆರವಣಿಗೆ ಮತ್ತು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿ ಫ್ಯಾನ್ ಯಾಕೆ ನಿಲ್ಲಿಸಿದ್ದಾರೆ ಅಂತ ಈಗ ಗೊತ್ತಾಯಿತಲ್ಲ? ಜೂನ್, ಜುಲೈ ಅಂದರೆ ನಮಗೆ ಗಾಳಿಕಾಲ. ಆಗಸ್ಟ್ ಕೊನೆಗೆ ಅದರ ಸೊಕ್ಕು ಇಳಿಯುತ್ತೆ. ಆಗ ಬಿಸಿಲು ಕಾದು ಸಂಜೆ ಹೊತ್ತಿಗೆ ಗುಡುಗು ಮಳೆ ಶುರುವಾಗುತ್ತೆ. ಅದರ ಹಿಂದೆಯೇ ಬಂಗಾಳ ಕೊಲ್ಲಿ ಕಡೆಯ ಮಳೆ. ವರ್ಷದ ಮಳೆಯಲ್ಲಿ ಅರ್ಧದ ಹತ್ತಿರ ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳಲ್ಲಿ ಬೀಳುತ್ತೆ. ಗೌರಸಮುದ್ರದ ಮಾರಮ್ಮನ ಜಾತ್ರೆ ಭಾದ್ರಪದದಲ್ಲಿ. ಆ ಹೊತ್ತಿಗೆ ಆಕಾಶ ನೋಡಿ, ಮಾತೇ ಬೇರೆ. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ತುಂಬಿದ್ದೂ ಸೆಪ್ಟೆಂಬರ್‌ನಲ್ಲೇ, 89 ವರ್ಷ ಆದಮೇಲೆ 2022ರಲ್ಲಿ ಕೋಡಿ ಬಿದ್ದದ್ದೂ ಸೆಪ್ಟೆಂಬರ್‌ನಲ್ಲೇ. ಎರಡನೇ ಸಲ ಭದ್ರಾ ನೀರೂ ಬಂದಿತ್ತು ಅನ್ನಿ. ಆದರೂ ಆ ವರ್ಷ ಇಲ್ಲಿ ಸುರಿದ ಮಳೆ ನೋಡಿದ್ದರೆ ನೀವು ತೀರ್ಥಹಳ್ಳಿ ನೆನಪು ಮಾಡಿಕೊಳ್ಳುತ್ತಿದ್ದಿರಿ.

ಹಾಗಾದರೆ ಶೇಂಗಾ ಯಾಕೆ ಜುಲೈನಲ್ಲೇ ಬಿತ್ತುತ್ತೀರಿ ಅಂತ ಕೇಳಬಹುದು. ಒಂದು ಹದ ಮಳೆ ಸಿಕ್ಕಿದರೆ ಸಾಕು, ಶೇಂಗಾ ನೆಲಕ್ಕೆ ಅಂಟಿಕೊಂಡು ಇರುತ್ತೆ, ಗಾಳಿಗೆ ಸಿಗುವುದಿಲ್ಲ. ಹೂ ಬಿಟ್ಟು ಊಡು, ಅಂದರೆ ಕಾಯಿ ಕಟ್ಟುವ ಮೊನೆ, ಮಣ್ಣಿಗೆ ಇಳಿಯುವ ಹೊತ್ತಿಗೆ ಮಘೆ, ಹುಬ್ಬೆ ಮಳೆ ಬರಲಿ ಅಂತ ಕೈಮುಗಿಯುತ್ತೇವೆ. ಅದೊಂದು ಜೂಜು. ಬಂದರೆ ಉಂಟು, ಇಲ್ಲದಿದ್ದರೆ ಹೊಟ್ಟು, ಬಳ್ಳಿ ಕುರಿಗೆ. ನಿಮ್ಮ ಹೀರೆ ಬಳ್ಳಿಗೆ ಈ ಜೂಜು ಬೇಡ.

ಈಗ ನಿಮ್ಮ ಹಿತ್ತಲ ವಿಷಯ. ಇರುವ ಬೆಂಡೆಗೆ ಬುಡಕ್ಕೆ ಮಣ್ಣೇರಿಸಿ ಬಿಡಿ, ಅದು ಬದುಕುತ್ತೆ. ಸೌತೆ, ಹೀರೆ ಕಿತ್ತುಹಾಕಿ. ಸುಮ್ನೆ ನೀರು ದಂಡ. ಆಶ್ಲೇಷ ಮಳೆ ಕಾಲದಲ್ಲಿ, ಅಂದರೆ ಆಗಸ್ಟ್ ಮೊದಲ ವಾರ, ಟೊಮೆಟೊ, ಬದನೆ, ಮೆಣಸಿನ ಬೀಜ ಟ್ರೇಯಲ್ಲಿ ಹಾಕಿ ಗೋಡೆ ಮರೆಯಲ್ಲಿ ಇಡಿ. ತಿಂಗಳೊಳಗೆ ಸಸಿ ರೆಡಿ. ಹುಬ್ಬೆ ಮಳೆಗೆ, ಅಂದರೆ ಸೆಪ್ಟೆಂಬರ್ ಮೊದಲ ಭಾಗದಲ್ಲಿ, ನಾಟಿ ಮಾಡಿ. ಹೀರೆ, ಸೌತೆ, ಅವರೆ ಬೀಜ ಆಗಸ್ಟ್ ಕೊನೆಗೆ ನೆಲಕ್ಕೆ. ಅವರೆ ಅಂತೂ ಹಾಕಲೇಬೇಕು, ಡಿಸೆಂಬರ್ ಇಬ್ಬನಿಗೆ ಬರುವ ಸೊಗಡು ಬೇರೆ ಯಾವಾಗಲೂ ಬರುವುದಿಲ್ಲ. ಸೇವಂತಿಗೆ ಸಸಿಯನ್ನೂ ಈಗಲೇ ಹುಡುಕಿಟ್ಟುಕೊಳ್ಳಿ, ಹಗಲು ಗಿಡ್ಡ ಆಗುತ್ತಾ ಬಂದಹಾಗೆ ಅದು ಮೊಗ್ಗು ಹಿಡಿಯುತ್ತೆ. ಸೊಪ್ಪು ಅಕ್ಟೋಬರ್‌ನಿಂದ ಜನವರಿ. ಫೆಬ್ರವರಿ ಆದಮೇಲೆ ಕೊತ್ತಂಬರಿ ಹಾಕಬೇಡಿ, ಎಲೆ ಬರುವ ಮೊದಲೇ ಹೂವಿಗೆ ಹೋಗುತ್ತೆ. ಬೇಸಿಗೆಗೆ ಚವಳಿಕಾಯಿ, ಬೆಂಡೆ, ಪುಂಡಿ ಸೊಪ್ಪು ಸಾಕು. ಅವಕ್ಕೆ ಬಿಸಿಲು ಲೆಕ್ಕಕ್ಕಿಲ್ಲ.

ಇನ್ನೊಂದು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಗಾದೆ ಇದೆ. ಮೇ ತಿಂಗಳಲ್ಲಿ ಒಂದೆರಡು ಜೋರು ಮಳೆ ಬಂದೇ ಬರುತ್ತೆ. ಅದನ್ನು ನೋಡಿ ಬಿತ್ತೋಕೆ ಹೋಗಬೇಡಿ, ಮುಂದಿನ ಎರಡು ತಿಂಗಳು ಗಾಳಿ ಕಾದಿರುತ್ತೆ. ಆ ಮಳೆ ಹೊಲ ಉಳೋಕೆ, ಗುಂಡಿ ತೋಡೋಕೆ.

ಗಾಳಿಗೆ ನೆಟ್ ಬೇಡ. ಪಡುವಣ, ತೆಂಕಣ ಅಂಚಿಗೆ ಎರಡು ಸಾಲು ತೊಗರಿ ಹಾಕಿ. ಎರಡು ತಿಂಗಳಲ್ಲಿ ಎದೆಮಟ್ಟ ಬರುತ್ತೆ, ಜನವರಿಯಲ್ಲಿ ಬೇಳೆಯೂ ಆಗುತ್ತೆ. ಗಟ್ಟಿ ಗೋಡೆಗಿಂತ ಇಂಥ ಬೇಲಿಯೇ ವಾಸಿ. ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಈಚೆ ಸುಳಿಯಾಗಿ ಬೀಳುತ್ತೆ, ಗಿಡ ಎಲ್ಲ ಕಡೆಗೂ ತಿರುಚಿಕೊಳ್ಳುತ್ತೆ. ಗಾಳಿ ಅರ್ಧ ನುಸುಳಿ ಹೋಗುವಂತಿರಬೇಕು.

ನುಗ್ಗೆ ಪ್ರೇಮಿ:

ಇಷ್ಟೆಲ್ಲ ಯಾಕೆ, ಒಂದು ನುಗ್ಗೆ ಕೊಂಬೆ ಊರಿ. ನೀರು ಬೇಡ, ಗೊಬ್ಬರ ಬೇಡ. ನಮ್ಮ ಮನೆಯ ನುಗ್ಗೆಯಿಂದ ಇಡೀ ಬೀದಿಗೇ ಸಾಂಬಾರ್ ನಡೆಯುತ್ತಿದೆ. ಜೊತೆಗೊಂದು ಕರಿಬೇವು, ಒಂದು ನಿಂಬೆ. ಮುಗೀತು ಕೈತೋಟ.

ಶೇಂಗಾ ಹೊಲದವನು:

ನುಗ್ಗೆ ಒಳ್ಳೆಯದೇ ಸಾರ್, ಆದರೆ ಪಡುವಣ ಬದಿಗೆ ಬೇಡ. ಆಷಾಢದ ಗಾಳಿಗೆ ಮೊದಲು ಮುರಿಯುವುದೇ ಅದು. ಓನರ್ ಶೀಟಿನ ಮೇಲೆ ಬಿದ್ದರೆ ಮೇಡಂಗೆ ಬೇರೆ ಮನೆ ಹುಡುಕೋ ಕೆಲಸ.

ತುಂಗೆ ಕಡೆಯವಳು:

ಅಣ್ಣ, ತುಂಬ ಉಪಕಾರವಾಯಿತು. ಆಗಸ್ಟ್ ಅಂದಮೇಲೆ ಮನಸ್ಸಿಗೆ ಸ್ವಲ್ಪ ಸಮಾಧಾನ. ತೊಗರಿಗೆ ಇವತ್ತೇ ಗೆರೆ ಹೊಡೆದೆ. ಅಗೆಯುವಾಗ ಒಂದು ವಿಚಿತ್ರ ನೋಡಿದೆ. ಮೇಲಿನ ಒಂದಡಿ ಕಪ್ಪು ಮಣ್ಣು, ಅದರ ಕೆಳಗೆ ಬಿಳಿ ಬಿಳಿ ಗಂಟು ಕಲ್ಲು, ಕಡಲೆಕಾಳಿನಿಂದ ಹಿಡಿದು ನೆಲ್ಲಿಕಾಯಿ ಗಾತ್ರದವರೆಗೆ. ಮನೆ ಕಟ್ಟಿದ ಸಿಮೆಂಟ್ ಚೂರಾ ಅಂದುಕೊಂಡರೆ ಅಲ್ಲ, ಎಲ್ಲಿ ಅಗೆದರೂ ಇದೆ. ಉಗುರಲ್ಲಿ ಕೆರೆದರೆ ಪುಡಿ ಬರುತ್ತೆ. ಇದೇನು?

ಎರೆಮಣ್ಣು ಹಿರಿಯೂರು:

ಅದು ಸುಣ್ಣಕಲ್ಲು. ಎರೆ ನೆಲದಲ್ಲಿ ಮಾಮೂಲು. ಕಡಿಮೆ ಮಳೆಯ ಜಾಗದಲ್ಲಿ ಸುಣ್ಣ ತೊಳೆದು ಹೋಗುವುದಿಲ್ಲ. ಒಂದು ಆಳಕ್ಕೆ ಇಳಿದು, ಅಲ್ಲಿ ನೀರು ಆರಿ, ಗಂಟು ಕಟ್ಟುತ್ತೆ. ಒಂದು ಕಲ್ಲು ತೊಳೆದು ತಟ್ಟೆಯಲ್ಲಿಟ್ಟು ನಿಂಬೆಹಣ್ಣಿನ ರಸ ಹಿಂಡಿ ನೋಡಿ. ಸಣ್ಣಗೆ ನೊರೆ ಎದ್ದರೆ ಅನುಮಾನವೇ ಇಲ್ಲ.

ನಿಮ್ಮ ಗಂಧರಾಜದ ಉತ್ತರವೂ ಅಲ್ಲೇ ಇದೆ. ಹೊಸ ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಅಂಶದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಸುಣ್ಣ ಜಾಸ್ತಿ ಇದ್ದಾಗ ಅದು ಬೇರಿಗೆ ಸಿಗದ ಹಾಗೆ ಕಟ್ಟಿಹಾಕಿಕೊಳ್ಳುತ್ತೆ. ಗಂಧರಾಜ, ಕೇಪಳ ಎರಡೂ ಹುಳಿ ಮಣ್ಣಿನ ಗಿಡಗಳು. ಮಲೆನಾಡಿನ ಕೆಂಪು ಮಣ್ಣು ಹುಳಿ. ಆದರೆ ಕುಂಡದಲ್ಲಿ ಊರಿನ ಮಣ್ಣೇ ಇದೆಯಲ್ಲ ಅಂತೀರಾ? ಮಣ್ಣು ತಂದಿರಿ, ನೀರು ತರಲಿಲ್ಲ. ಬೋರ್‌ವೆಲ್ ನೀರು ತಾನೇ ಹಾಕುತ್ತಿರುವುದು? ಬಕೆಟ್ ಅಂಚಿಗೆ ಬಿಳಿ ಕಟ್ಟುತ್ತಲ್ಲ, ಅದೇ ಸುಣ್ಣ ಎಂಟು ತಿಂಗಳಿಂದ ಕುಂಡಕ್ಕೂ ಇಳಿದಿದೆ. ಅದರ ಮೇಲೆ ಸಗಣಿ ಗೊಬ್ಬರ ಎಷ್ಟು ಹಾಕಿದರೂ ಈ ಹಳದಿ ಹೋಗುವುದಿಲ್ಲ. ಆಂಥೂರಿಯಂ ತುದಿ ಸುಡುವುದಕ್ಕೆ ನೀರಿನ ಉಪ್ಪೂ ಕಾರಣ, ಒಣ ಗಾಳಿಯೂ ಕಾರಣ.

ತಕ್ಷಣಕ್ಕೆ ಗೊಬ್ಬರದಂಗಡಿಯಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಸಿಗುತ್ತೆ. ಒಂದು ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) 1 ಗ್ರಾಂ. ಸಂಜೆ ಗಾಳಿ ತಗ್ಗಿದ ಮೇಲೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಬುಡಕ್ಕೆ ಹಾಕಬೇಡಿ, ಸುಣ್ಣ ಅದನ್ನೂ ನುಂಗುತ್ತೆ. ಕಲೆ ಬೀಳುತ್ತೆ, ಬಟ್ಟೆ, ನೆಲ ಹುಷಾರು.

ಹಿತ್ತಲ ನೆಲವನ್ನು ಹುಳಿ ಮಾಡಲು ಹೋಗಬೇಡಿ. ಗಂಧಕದ ಪುಡಿ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ಇಷ್ಟು ಸುಣ್ಣ ಇರುವ ಕಡೆ ಚೀಲಗಟ್ಟಲೆ ಸುರಿದರೂ ಪ್ರಯೋಜನ ಇಲ್ಲ. ಈ ನೆಲಕ್ಕೆ ಒಗ್ಗುವುದನ್ನೇ ಹಾಕಿ: ದುಂಡು ಮಲ್ಲಿಗೆ, ಕನಕಾಂಬರ, ಕಣಗಿಲೆ, ದಾಳಿಂಬೆ, ಸೀತಾಫಲ. ಮಣ್ಣು ಪರೀಕ್ಷೆ ಬೇಕು ಅನ್ನಿಸಿದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ವಿಚಾರಿಸಿ.

ನೆಲಕ್ಕೆ ಹೊದಿಕೆ ಮಾತ್ರ ದಪ್ಪಗೆ ಹಾಕಿ. ಬರೀ ಎರೆ ಬಿಸಿಲಿಗೆ ಬಿಟ್ಟರೆ ಕೈ ತೂರುವಷ್ಟು ಬಿರುಕು ಬಿಡುತ್ತೆ, ಬೇರು ಹರಿಯುತ್ತೆ. ಚಳ್ಳಕೆರೆಯಂಥ ಎಣ್ಣೆ ಮಿಲ್ಲಿನ ಊರಲ್ಲಿ ಶೇಂಗಾ ಹೊಟ್ಟಿಗೆ ಬರವೇ?

ತಾರಸಿ ಅಕ್ಕ:

ತಂಗಿ, ಕುಂಡಗಳನ್ನು ಅಮ್ಮನ ಮನೆಗೆ ಕಳಿಸಬೇಡ. ನಾನು ಶೃಂಗೇರಿ ಕಡೆಯವಳು, ಮದುವೆಯಾಗಿ ಬಂದಾಗಿನಿಂದ ಇಲ್ಲೇ ಇದ್ದೇನೆ. ನನ್ನ ಆಂಥೂರಿಯಂ ಈಗಲೂ ಹೂ ಬಿಡುತ್ತೆ. ಗುಟ್ಟು ಏನೂ ಇಲ್ಲ, ಮಳೆ ನೀರು.

ಮಳೆ ಇಲ್ಲದ ಊರಲ್ಲಿ ಮಳೆ ನೀರೆಲ್ಲಿ ಅಂತ ನಗಬೇಡ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿನ್ನ ಮನೆ ಸಾವಿರ ಚದರಡಿ ಅಂತ ಇಟ್ಟುಕೋ, ಅದು ಸುಮಾರು 93 ಚದರ ಮೀಟರ್. ಮೂರು ಮಿ.ಮೀ. ಮಳೆಗೆ 200 ಲೀಟರ್ ಡ್ರಮ್ ತುಂಬಿ ಹೊರಗೆ ಚೆಲ್ಲುತ್ತೆ. ವರ್ಷವಿಡೀ ಬಿದ್ದದ್ದನ್ನು ಹಿಡಿದರೆ, ಸೋರಿ ಹೋದದ್ದು ಕಳೆದು, ಮೂವತ್ತು ಸಾವಿರ ಲೀಟರ್ ದಾಟುತ್ತೆ. ನಿನಗೆ ಅಷ್ಟು ಬೇಡ. ನಾಲ್ಕು ಡ್ರಮ್ ತುಂಬಿದರೆ ನಾಲ್ಕು ಕುಂಡ ಬೇಸಿಗೆ ದಾಟುತ್ತವೆ. ತಾರಸಿ ಪೈಪಿನ ಬಾಯಿಗೆ ಹಳೆ ಪಂಚೆ ಕಟ್ಟು, ಮೊದಲ ಮಳೆ ನೀರು ಬಿಟ್ಟುಬಿಡು, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತೆ. ಡ್ರಮ್‌ಗೆ ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಸೊಳ್ಳೆ.

ಫಿಲ್ಟರ್ ಮಷಿನ್ ಇದ್ದರೆ ಅದರಿಂದ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕಲೇಬೇಡ. ನೀರು ಉಳಿಸಿದ ಪುಣ್ಯ ಬರುತ್ತೆ ಅಂತ ಎಲ್ಲರೂ ಹಾಕುತ್ತಾರೆ. ಬೋರ್ ನೀರಿಗಿಂತ ಜಾಸ್ತಿ ಉಪ್ಪು ಅದರಲ್ಲೇ ಇರುವುದು. ಪಾತ್ರೆ ತೊಳೆಯೋಕೆ, ನೆಲ ಒರೆಸೋಕೆ ಇಟ್ಟುಕೋ.

ಮೊದಲ ಡ್ರಮ್ ತುಂಬಿದ ದಿನ ಕುಂಡಕ್ಕೆ ನಿಧಾನವಾಗಿ ಎರಡು ಮೂರು ಬಕೆಟ್ ಮಳೆ ನೀರು ಹೊಯ್ಯಿ, ತಳದ ತೂತಿನಿಂದ ಧಾರಾಳವಾಗಿ ಹರಿಯಲಿ. ಉಪ್ಪು ಇಳಿದುಹೋಗುತ್ತೆ. ಕುಂಡ ಇಡುವುದು ಮನೆಯ ಮೂಡಣ ಬದಿಗೆ, ಬೆಳಗಿನ ಬಿಸಿಲು ಸಾಕು. ನಾನು ಆಂಥೂರಿಯಂ ಕುಂಡವನ್ನು ಅಗಲವಾದ ತಟ್ಟೆಯಲ್ಲಿ ಜಲ್ಲಿ, ನೀರು ಹಾಕಿ ಅದರ ಮೇಲೆ ಇಡುತ್ತೇನೆ. ಕುಂಡದ ತಳ ನೀರಿಗೆ ತಾಗಬಾರದು. ಸುತ್ತ ಸ್ವಲ್ಪ ತೇವ ಇರುತ್ತೆ.

ತರಕಾರಿ ಮಡಿಗೆ ಮಡಕೆ ಹೂಳು. ಬಣ್ಣ ಹಚ್ಚದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಹೆಂಚಿನ ಚೂರು ಮುಚ್ಚು. ಸುತ್ತ ನಾಲ್ಕು ಬದನೆ ಸಸಿ. ಜಿನುಗುವ ನೀರಿಗೆ ಬೇರು ತಾನಾಗಿ ಮಡಕೆ ಅಪ್ಪಿಕೊಳ್ಳುತ್ತೆ. ಬೇಸಿಗೆಯಲ್ಲಿ ದಿನಾ ಪೈಪ್ ಹಿಡಿಯೋದು ತಪ್ಪುತ್ತೆ. ಜಾತ್ರೆಯಲ್ಲಿ ತಗೊಂಡ ಹಳೆ ಮಡಕೆಯಾದರೂ ನಡೆಯುತ್ತೆ, ಸೀಳು ಬಿಟ್ಟಿರಬಾರದು ಅಷ್ಟೇ.

ಶೇಂಗಾ ಹೊಲದವನು:

ಅಕ್ಕ ಹೇಳಿದ್ದೆಲ್ಲ ಸರಿ. ಹಿರಿಯೂರಿನವರ ಹೊದಿಕೆ ಮಾತಿಗೆ ಮಾತ್ರ ನನ್ನದೊಂದು ತಕರಾರು. ಜುಲೈನಲ್ಲಿ ಒಣ ನೆಲದ ಮೇಲೆ ದಪ್ಪ ಹೊಟ್ಟು ಹಾಸಿದರೆ ಗೆದ್ದಲಿಗೆ ಮದುವೆ ಊಟ. ಹೊಟ್ಟು ಮುಗಿದ ಮೇಲೆ ಗಿಡದ ಬುಡಕ್ಕೆ ಬರುತ್ತವೆ. ಮೊದಲು ಒಳ್ಳೆ ಮಳೆಯಾಗಿ ನೆಲ ನೆನೆಯಲಿ, ಆಮೇಲೆ ಹಾಸಿ, ಬುಡದಿಂದ ಒಂದು ಗೇಣು ಬಿಟ್ಟು. ಹಾಸುವ ಮೊದಲು ಹೊಂಗೆ ಹಿಂಡಿ ಪುಡಿ ಎರಚಿ. ಗೆದ್ದಲೂ ತಗ್ಗುತ್ತೆ, ಗೊಬ್ಬರವೂ ಆಗುತ್ತೆ.

ಕುರಿ ಗೊಬ್ಬರ ಇಲ್ಲಿ ಸುಲಭವಾಗಿ ಸಿಗುತ್ತೆ. ನಮ್ಮ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತೇವೆ. ನೀವು ಒಂದು ಚೀಲ ತಂದರೆ ಮೂರು ತಿಂಗಳು ನೆರಳಲ್ಲಿ ನೀರು ಚಿಮುಕಿಸಿ ಕೊಳೆಸಿ. ಹಸಿ ಹಿಕ್ಕೆ ಹಾಕಿದರೆ ಕಾವಿಗೆ ಸಸಿ ಸುಡುತ್ತೆ.

ಎರೆಮಣ್ಣು ಹಿರಿಯೂರು:

ಗೆದ್ದಲಿನ ಮಾತು ಒಪ್ಪಿದೆ. ಆದರೆ ಸೆಪ್ಟೆಂಬರ್‌ವರೆಗೆ ನೆಲ ಬರಿದಾಗಿ ಬಿಡುವುದೂ ಬೇಡ. ಖಾಲಿ ಜಾಗದಲ್ಲಿ ಹುರುಳಿ ಎರಚಲಿ. ಹೂ ಬರುವ ಮೊದಲೇ ಕೊಚ್ಚಿ ಮಣ್ಣಿಗೆ ಸೇರಿಸಿದರೆ ಆಯಿತು.

ಶೇಂಗಾ ಹೊಲದವನು:

ಹುರುಳಿಗೆ ನನ್ನ ಓಟು.

ತುಂಗೆ ಕಡೆಯವಳು:

ನಿಂಬೆರಸ ಹಾಕಿ ನೋಡಿದೆ, ಬುಸ್ ಅಂತ ನೊರೆ ಬಂತು. ಮಗ ಇನ್ನೂ ನಾಲ್ಕು ಕಲ್ಲು ಆರಿಸಿಕೊಂಡು ಬಂದ, ಮನೆಯಲ್ಲಿದ್ದ ನಿಂಬೆಹಣ್ಣೆಲ್ಲ ಖಾಲಿ.

ಸೌತೆ, ಹೀರೆ ಕಿತ್ತೆ. ತೊಗರಿ ಎರಡು ಸಾಲು ಹಾಕಿದ್ದೇನೆ, ಮಧ್ಯೆ ಹುರುಳಿ ಎರಚುತ್ತೇನೆ. ಡ್ರಮ್ ಎರಡು ಹೇಳಿಟ್ಟಿದ್ದೇನೆ. ಅಕ್ಕ, ನಮ್ಮ ಮನೆಯಲ್ಲಿ ಫಿಲ್ಟರ್ ನೀರು ಹೋಗುತ್ತಿದ್ದುದು ಸೀದಾ ಕೇಪಳದ ಬುಡಕ್ಕೆ! ಇವತ್ತೇ ಪೈಪ್ ತಿರುಗಿಸಿದೆ.

ಹೊಟ್ಟಿಗೆ ಮಿಲ್ ಹತ್ತಿರ ಹೋದೆ. ಈಗ ಇಲ್ಲ ಅಂದರು. ಯಾವಾಗ ಹೋಗಬೇಕು?

ಶೇಂಗಾ ಹೊಲದವನು:

ಹೊಸ ಶೇಂಗಾ ಬರುವುದು ಅಕ್ಟೋಬರ್, ನವೆಂಬರ್‌ಗೆ. ಆದರೆ ಹೊಟ್ಟು ಉರಿಸೋಕೆ ಅಂತ ಲಾರಿಯಲ್ಲಿ ಒಯ್ಯುವವರು ಇರುತ್ತಾರೆ. ಕಾಯಿ ಒಡೆಸುವ ಮಿಲ್‌ನಲ್ಲಿ ಮೊದಲೇ ಹೇಳಿಟ್ಟು ಬನ್ನಿ, ಚೀಲ ನಿಮ್ಮದೇ ಒಯ್ಯಿರಿ. ಹಾಗೇ ಎಣ್ಣೆ ಮಿಲ್‌ನಲ್ಲಿ ಶೇಂಗಾ ಹಿಂಡಿಯೂ ಒಂದೆರಡು ಕೆಜಿ ತಗೊಳ್ಳಿ. ಒಂದು ಹಿಡಿ ಹಿಂಡಿ ಬಕೆಟ್ ನೀರಲ್ಲಿ ಮೂರು ದಿನ ನೆನೆಸಿ, ತಿಳಿ ಮಾಡಿ ಬದನೆ, ಮೆಣಸಿಗೆ ಹಾಕಬಹುದು. ವಾಸನೆ ಮಾತ್ರ ಜೋರು. ಗಾಳಿ ಪಕ್ಕದ ಮನೆ ಕಡೆ ಬೀಸುವಾಗ ಮುಚ್ಚಳ ತೆಗೆಯಬೇಡಿ.